ಬಲಗಾಲೋ ಎಡಗಾಲೋ

ಎಂಬತ್ತರ ದಶಕದಲ್ಲಿ ನಾನು ಕೊಯಮತ್ತೂರಿನ ಒಂದು ಆಸ್ಪತ್ರೆಯಲ್ಲಿ ಚರ್ಮದ ಕ್ಯಾನ್ಸರ್ ರೋಗಿಗಳ ದಾಖಲೆ ನೋಡಿಕೊಳ್ಳುತ್ತಿದ್ದೆ. ಮದುವೆಯಾಗಿ ಮೈಸೂರಿನಿಂದ ಬಂದ ಹುಡುಗಿಯೊಬ್ಬಳು ಆಮೇಲೆ ಅದೇ ಕೋಣೆಗೆ ಸೇರಿದಳು. ಅಲ್ಲೇ ನೆಲೆಸಿದ ಕನ್ನಡ ನೇಕಾರರ ಮನೆಯವಳಾದ ನನ್ನದು ತಮಿಳು ಬೆರೆತ ಕನ್ನಡ. ಅವಳದು ರೇಡಿಯೋದಲ್ಲಿ ಕೇಳುವಂಥದ್ದು. ಸ್ವಲ್ಪ ದಿನಕ್ಕೇ ಕನ್ನಡದವರೇ ಆದ ನಮ್ಮ ಡಾಕ್ಟರು ಏನಿದ್ದರೂ ಅವಳನ್ನೇ ಕರೆಯತೊಡಗಿದರು. ನನಗೆ ಹೊಟ್ಟೆ ಉರಿಯುತ್ತಿತ್ತು.

ದಾಖಲೆ ಸರಿಯಿದೆಯೇ ಎಂದು ತಿಳಿಯಲು ಪ್ರತಿ ರೋಗಿಯ ಕಾಗದಗಳನ್ನು ನಾವಿಬ್ಬರೂ ಬೇರೆ ಬೇರೆ ಓದಿ ಕಾರ್ಡು ತುಂಬಬೇಕಿತ್ತು. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡುವುದು. ಅವಳ ತಪ್ಪು ಸಿಗಲಿ ಎಂದು ನಾನು ಕಾದೇ ಇದ್ದೆ. ಪೊಳ್ಳಾಚಿ ಕಡೆಯ ಅಜ್ಜಿಯೊಬ್ಬರಿಗೆ ಕೊಯ್ದು ತೆಗೆದ ಹುಣ್ಣು ಇದ್ದದ್ದು ಎಡಗಾಲಲ್ಲಿ ಎಂದು ಅವಳು ಬರೆದಿದ್ದಳು, ನಾನು ಬಲಗಾಲು ಎಂದಿದ್ದೆ. ಅವಳು ಆಪರೇಷನ್ ಚೀಟಿ ನಂಬಿದ್ದಳು, ನಾನು ಲ್ಯಾಬಿನ ಚೀಟಿ.

“ಊಹೆ ಬೇಡ, ಹೋಗಿ ನೋಡಿ ಬನ್ನಿ. ಆ ಅಜ್ಜಿ ಆಪರೇಷನ್ ಆದಮೇಲೆ ತಪಾಸಣೆಗೂ ಬಂದಿಲ್ಲ,” ಎಂದರು ಡಾಕ್ಟರು.

ಬಸ್ಸು ಹಿಡಿದು ಹೋದೆವು. ತೆಂಗಿನ ತೋಟದ ನಡುವಿನ ಮನೆ. ಅವರೂ ಕನ್ನಡದವರೇ, ತಲೆಮಾರುಗಳಿಂದ ಅಲ್ಲಿ ಬೇಸಾಯ ಮಾಡಿಕೊಂಡಿದ್ದವರು. ಇವರು ನಮ್ಮ ಜನ, ಇಲ್ಲಾದರೂ ನನ್ನ ಮಾತು ನಡೆಯುತ್ತದೆ ಅಂದುಕೊಂಡೆ. ಅಜ್ಜಿ ಸೀರೆ ಸರಿಸಿ ಕಾಲು ತೋರಿಸಿದರು. ಹಿಂದೆಂದೋ ಬೆಲ್ಲದ ಪಾಕ ಬಿದ್ದು ಸುಟ್ಟ ಕಲೆ, ಅದರ ಮೇಲೆ ಹೊಲಿಗೆಯ ಗುರುತು. ಬಲಗಾಲೇ.

“ನೀವೇ ಸರಿ ಅಕ್ಕ,” ಎಂದಳು ಅವಳು. ಮುಖದಲ್ಲಿ ಬೇಸರವೇ ಇರಲಿಲ್ಲ. ಕೊಂಚ ಬೇಸರಪಟ್ಟಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಅಜ್ಜಿ ಅವಳ ಕೈ ಹಿಡಿದುಕೊಂಡರು. “ರೊಂಬ ಚೆಂದ ಮಾತಾಡ್ತೀಯವ್ವ. ಬಾ, ಒಳಗೆ ಕೂತ್ಕೋ.”

ನಾನು ಜಗಲಿಯಲ್ಲೇ ಉಳಿದೆ. ಬಹಳ ಹೊತ್ತಾದ ಮೇಲೆ ಅವಳು ಹೊರಗೆ ಬಂದು ಮೆಲ್ಲಗೆ ಹೇಳಿದಳು: “ತೊಡೆಸಂದಿನಲ್ಲಿ ಗಂಟು ಎದ್ದಿದೆ ಅಕ್ಕ. ಮತ್ತೆ ಕೊಯ್ತಾರೆ ಅಂತ ಹೆದರಿ ಮಗನಿಗೂ ಹೇಳಿಲ್ಲ. ನಾಳೆ ಬರ್ತೀನಿ ಅಂತ ಒಪ್ಪಿದ್ದಾರೆ.”

ಮರುದಿನ ಅಜ್ಜಿ ಮಗನ ಜೊತೆ ಬಂದರು. ಕಾಲಿನ ಕ್ಯಾನ್ಸರ್ ಅಲ್ಲಿಗೂ ಹರಡಿತ್ತು. ಗಂಟು ತೆಗೆದರು, ಅಜ್ಜಿ ಬದುಕಿಕೊಂಡರು. ಡಾಕ್ಟರು ನನಗೆ “ಬಲಗಾಲು ಅಂತ ತಿದ್ದಿಬಿಡಿ” ಎಂದಷ್ಟೇ ಹೇಳಿದರು. ಅವಳು ಅಜ್ಜಿಯನ್ನು ಒಪ್ಪಿಸಿ ಕರೆತಂದ ಕಥೆಯನ್ನು ಬಂದವರಿಗೆಲ್ಲ ಹೇಳಿದರು. ವಾರ್ಡಿಗೆ ನಾನು ಮನೆಯಿಂದ ಇಡ್ಲಿ ಒಯ್ದಾಗ ಅಜ್ಜಿ ತಿಂದು, ಬಾಗಿಲ ಕಡೆ ನೋಡಿ ಕೇಳಿದರು: “ಮೈಸೂರು ಹುಡುಗಿ ಬರ್ಲಿಲ್ವಾ?”

ಗಂಡನಿಗೆ ವರ್ಗವಾಗಿ ಅವಳು ಊರು ಬಿಟ್ಟ ಮೇಲೂ ಅಜ್ಜಿ ವರ್ಷಗಟ್ಟಲೆ ತಪಾಸಣೆಗೆ ಬರುತ್ತಿದ್ದರು. ಡಾಕ್ಟರ ಬಳಿ ಕರೆದೊಯ್ಯುವವಳು ನಾನು, ಅಜ್ಜಿ ಕೇಳುತ್ತಿದ್ದುದು ಅವಳ ಕ್ಷೇಮ. ನನಗೆ ಅವಳ ಸುದ್ದಿಯೇನೂ ಗೊತ್ತಿರಲಿಲ್ಲ. “ಚೆನ್ನಾಗಿದ್ದಾಳೆ ಅಜ್ಜಿ,” ಎನ್ನುತ್ತಿದ್ದೆ. ಆ ಮುಖ ಅರಳುವುದನ್ನು ನೋಡಿದಾಗಲೆಲ್ಲ ಹಳೆಯ ಉರಿ ಮತ್ತೆ ಏಳುತ್ತಿತ್ತು.