ನಾಲ್ಕು ಕವಡೆ, ಎರಡು ಸಾವಿರ ಎಸೆತ

ಭದ್ರಾವತಿಯ ಓಲ್ಡ್ ಟೌನಿನಲ್ಲಿ ಬೆಳಗಿನ ಐದೂವರೆ. ನಮಾಜ್ ಮುಗಿಸಿದ ಇರಂ ಅಡುಗೆಕಟ್ಟೆಯ ಮೇಲೆಯೇ ಸೋಲ್ಡರಿಂಗ್ ಐರನ್ ಕಾಯಿಸಿ, ಹಳೆಯ ಟಿಫಿನ್ ಡಬ್ಬಿಯೊಳಗೆ ಸ್ಪೀಕರ್ ಮತ್ತೆ ಕೂರಿಸುತ್ತಿದ್ದಾರೆ. "ಇವತ್ತೂ ಚಹಾ ಇಡಕ್ಕೆ ಜಾಗ ಇಲ್ಲ ನೋಡಿ," ಎಂದು ತಾಯಿ ಜಹಾನಾರಾ, ಈ ಕೆಲಸ ನೋಡಿ ಬರೆಯಲು ಬಂದ ನನ್ನೆದುರು ಗೊಣಗುತ್ತಾರೆ. ಎಂಟಕ್ಕೆ ಶಿವಮೊಗ್ಗದ ಬಸ್ಸು. ಅಲ್ಲಿ ದಿನವಿಡೀ ಲ್ಯಾಬ್ ರಿಪೋರ್ಟುಗಳ ಸಾಫ್ಟ್‌ವೇರ್ ತಿದ್ದುವ ಕೆಲಸ. ಈ ಎರಡೂವರೆ ಗಂಟೆ ಮಾತ್ರ ಇರಂ ಅವರದ್ದು.

ಡಬ್ಬಿ ಎಂದರೆ ಮಾತಾಡುವ ಚೌಕಾಬಾರ. ಪಕ್ಕದ ಮನೆಯ ಎಪ್ಪತ್ತಾರರ ಪುಷ್ಪಮ್ಮನಿಗಾಗಿ. ಕಣ್ಣು ಪೂರ್ತಿ ಹೋದ ಮೇಲೆ ಅವರು ಆಟವನ್ನೇ ಬಿಟ್ಟಿದ್ದಾರೆ. ಯಾಕೆಂದು ಕೇಳಿದರೆ ಸಿಡುಕುತ್ತಾರೆ: "ಚೌಕ ಬಿದ್ರೂ ಮೂರು ಅಂತಾರೆ ಎದುರು ಕೂತೋರು. ಮುಟ್ಟಿ ನೋಡಿದ್ರೆ ಕವಡೆ ಮಗುಚಿದ್ರಿ ಅಂತ ಜಗಳ. ಯಾರಿಗ್ ಬೇಕು?" ಈ ಡಬ್ಬಿಯ ಗುಂಡಿ ಒತ್ತಿದರೆ ಕವಡೆಯ ಬದಲು ಅದೇ ಎಸೆದು, ಬಿದ್ದದ್ದೆಷ್ಟು, ಯಾರ ಕಾಯಿ ಯಾವ ಮನೆಯಲ್ಲಿದೆ ಎಂದು ಜಹಾನಾರಾ ಅವರ ದನಿ ಹೇಳುತ್ತದೆ.

ದನಿ ಬೇರೆ ಮೆಮೊರಿ ಕಾರ್ಡಿನಲ್ಲಿದೆ; ಆಟ ನಡೆಸುವ ಚಿಪ್‌ನಲ್ಲಿರುವ ಜಾಗ ಮೂವತ್ತೆರಡು ಕಿಲೋಬೈಟ್; ಫೋನಿನಲ್ಲಿ ತೆಗೆದ ಒಂದು ಫೋಟೊ ಕೂಡ ಹಿಡಿಸದು. ಅದಕ್ಕೇ ಕಡಿಮೆ ಜಾಗ ಸಾಕಾಗುವ ಫೋರ್ತ್ ಎಂಬ, ಇರಂಗಿಂತ ವಯಸ್ಸಾದ, ಕಾಲೇಜಿನಲ್ಲಿ ಯಾರೂ ಅವರಿಗೆ ಕಲಿಸದ ಪ್ರೋಗ್ರಾಮಿಂಗ್ ಭಾಷೆ. ಅದರಲ್ಲಿ ಅಂಕಿಗಳನ್ನು ತಟ್ಟೆಗಳ ಹಾಗೆ ಪೇರಿಸಬೇಕು, ಮೇಲಿನದನ್ನೇ ಮೊದಲು ತೆಗೆಯಬೇಕು. ಒಂದು ಹೆಚ್ಚು ತೆಗೆದರೆ ಎಲ್ಲ ಕುಸಿಯುತ್ತದೆ. ತಪ್ಪಿದ್ದೆಲ್ಲಿ ಎಂದು ನಾವೇ ಹುಡುಕಿ ಸಾಯಬೇಕು. ಇದನ್ನು ಅವರು ನನಗೆ ಅರ್ಧ ಗಂಟೆ ವಿವರಿಸಿದರು. ನನ್ನ ತಲೆಯೂ ಕೆಟ್ಟಿತು.

"ಫೋನಿಗೊಂದು ಆ್ಯಪ್ ಮಾಡು ಮಾರಾಯ್ತಿ" ಎನ್ನುವುದು ಸಹೋದ್ಯೋಗಿ ನಿಶಾಂತನ ದಿನನಿತ್ಯದ ಉಪದೇಶ. "ಗಾಜಿನ್ ಮೇಲೆ ಅಜ್ಜಿ ಗುಂಡಿ ಎಲ್ಲಿ ಅಂತ ಹುಡುಕ್ಬೇಕು? ಹೇಳಿ ಹೇಳಿ ಸಾಕಾಗಿದೆ ನಂಗೆ," ಎನ್ನುತ್ತಾರೆ ಇರಂ. ಆಟದ ನಿಯಮಗಳ ಕಾಟ ಬೇರೆ. ಒಂದೇ ಬೀದಿಯ ಹನ್ನೊಂದು ಮನೆಗಳಲ್ಲಿ ಕೇಳಿದರೆ ಹನ್ನೊಂದು ಕಾನೂನು! "ಕಾಯಿ ಕಡೀದೆ ಒಳಗಿನ ಸುತ್ತಿಗೆ ಹೋಗಂಗಿಲ್ಲ ಅಂತ ಒಬ್ರು, ಹೋಗ್ಬೋದು ಅಂತ ಇನ್ನೊಬ್ರು. ಕೊನೆಗೆ ಅಜ್ಜಿ ಹೇಳಿದ್ದೇ ಕಾನೂನು ಅಂದ್ಬಿಟ್ಟೆ."

ಒಂದೂವರೆ ವರ್ಷದ ಈ ಕೆಲಸ ಕಳೆದ ತಿಂಗಳು ಪುಷ್ಪಮ್ಮನ ಕೈಗೆ ಬಂತು. ಹತ್ತೇ ನಿಮಿಷ. "ತಗೊಂಡ್ ಹೋಗೇ ನಿನ್ ಡಬ್ಬಾನ. ಚೌಕ, ಬಾರ ಇಷ್ಟೊಂದ್ ಬೀಳಲ್ಲ. ಇದೂ ಸುಳ್ಳು ಹೇಳತ್ತೆ," ಎಂದು ಹಿಂದಿರುಗಿಸಿದರು.

ತಪ್ಪು ಇರಂ ಅವರದ್ದೇ. ಒಂದು, ಎರಡು, ಮೂರು, ಚೌಕ, ಬಾರ ಐದಕ್ಕೂ ಸಮಪಾಲು ಕೊಟ್ಟಿದ್ದರು. ನಾಲ್ಕೂ ಕವಡೆ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲಾದರೆ ಬಾರ, ಎರಡೂ ಅಪರೂಪ. "ಹತ್ತು ವರ್ಷದಿಂದ ಪ್ರೋಗ್ರಾಮರ್ ನಾನು. ಮಕ್ಳಿಗೂ ಗೊತ್ತಿರೋದು ನಂಗೆ ಹೊಳೀಲಿಲ್ಲ. ನಾಚಿಕೆ ಆಯ್ತು."

ಪುಷ್ಪಮ್ಮನ ಕವಡೆಗಳನ್ನೇ ಕೇಳಿ ತಂದು, ಮೂರು ವಾರ ಬೆಳಿಗ್ಗೆ ಎದ್ದು ಎರಡು ಸಾವಿರ ಸಲ ಎಸೆದರು. ಜಹಾನಾರಾ ಬೈದುಕೊಂಡೇ ಗೆರೆ ಹಾಕಿದರು. ಆ ಕವಡೆಗಳು ಬಿದ್ದ ರೀತಿಯೇ ಈಗ ಡಬ್ಬಿಯೊಳಗಿದೆ.

ಇಂದು ಮತ್ತೆ ಪರೀಕ್ಷೆ. ಏಳೂಕಾಲಿಗೆ ನಾವು ಪಕ್ಕದ ಮನೆಯ ಜಗಲಿಯಲ್ಲಿದ್ದೇವೆ. ಇರಂ ಎದುರು ಆಡಲು ಕೂತ ಪುಷ್ಪಮ್ಮ ಒಲ್ಲದ ಮನಸ್ಸಿನಿಂದ ಗುಂಡಿ ಒತ್ತುತ್ತಾರೆ: ಎರಡು. ಮತ್ತೆ ಸರದಿ ಬಂದಾಗ ಮೂರು. ಎರಡು. ಒಂದು. ಇರಂ ಉಗುರು ಕಚ್ಚುತ್ತಿದ್ದಾರೆ. ಅರ್ಧ ಗಂಟೆಯಾದರೂ ಅಜ್ಜಿಗೆ ಒಂದು ಬಾರ ಇಲ್ಲ. ಅವರು ಡಬ್ಬಿಯ ತಲೆಗೆ ಮೊಟಕುತ್ತಾರೆ: "ಹಾಳಾದ್ ಕವಡೆ! ಬೇಕಾದಾಗ ಒಂದ್ ಬಾರಾನೂ ಹಾಕಲ್ಲ. ಆಡೇ ಇರಂ, ನಿಂದು ಈಗ."

ಬೀದಿಯ ತುದಿಯಲ್ಲಿ ಎಂಟರ ಬಸ್ಸು ಹಾರನ್ ಹಾಕುತ್ತದೆ. ಇರಂ ಏಳುವುದಿಲ್ಲ. "ಕೇಳಿಸ್ಕೊಂಡ್ರಾ?" ಎಂದು ನನ್ನತ್ತ ತಿರುಗುತ್ತಾರೆ. "ಡಬ್ಬ ಅನ್ಲಿಲ್ಲ. ಕವಡೆ ಅಂದ್ರು."