ಗುವಾಹಟಿಯಿಂದ ಮಂಡಕಳ್ಳಿಗೆ ಮೂರೇ ಗಂಟೆ

ನನ್ನ ತಮ್ಮ ಏನನ್ನೇ ಆಗಲಿ ಮೊಬೈಲಿನಲ್ಲಿ ನೋಡಿದ ಮೇಲೆಯೇ ನಂಬುವವನು. ಅಮ್ಮ ತೀರಿಕೊಂಡ ಬೆಳಿಗ್ಗೆಯೂ ಹಾಗೇ ಮಾಡಿದ. ನಾನಾಗ ಗಂಡನ ಕೆಲಸದ ಊರಾದ ಗುವಾಹಟಿಯಲ್ಲಿದ್ದೆ. ಫೋನಿನಲ್ಲಿ ನಾನು ಅತ್ತು ಮುಗಿಸುವ ಮೊದಲೇ ಅವನೆಂದ, "ಗುವಾಹಟಿ ಏರ್‌ಪೋರ್ಟಿಂದ ನಮ್ಮ ಮೈಸೂರಿನ ಮಂಡಕಳ್ಳಿ ಏರ್‌ಪೋರ್ಟಿಗೆ ಮೂರೇ ಗಂಟೆ ಅಂತ ತೋರಿಸ್ತಾ ಐತೆ ಕಣಕ್ಕ. ಮಧ್ಯಾಹ್ನದೊಳಗೆ ಬಂದ್ಬುಡ್ತೀಯ."

ಆ ಮೊಬೈಲಿಗೆ ಎರಡು ಊರಿನ ನಡುವೆ ಗೆರೆ ಎಳೆಯಲು ಗೊತ್ತಿತ್ತೇ ಹೊರತು, ಆ ಗೆರೆಯ ಮೇಲೆ ಒಂದೂ ವಿಮಾನ ಹಾರುವುದಿಲ್ಲ ಎಂಬುದು ಗೊತ್ತಿರಲಿಲ್ಲ. ನಾನು ಬೆಂಗಳೂರಿನಲ್ಲಿ ಇಳಿದು, ಆ ಊರನ್ನು ದಾಟಿ, ಮೈಸೂರಿನ ರಸ್ತೆ ಹಿಡಿಯಬೇಕಿತ್ತು. "ಸಂಜೆಯಾಗುತ್ತೆ ಕಣೋ, ಕಾಯಿರಿ" ಎಂದು ಬೇಡಿಕೊಂಡೆ. ಬೆಂಗಳೂರಿನಲ್ಲಿ ಇಳಿದು ಫೋನ್ ಮಾಡಿದರೆ, ಆಗಲೇ ಅಮ್ಮನನ್ನು ಮಣ್ಣು ಮಾಡಿ ಬಂದು ಸ್ನಾನ ಮಾಡುತ್ತಿದ್ದರು.

ಅದನ್ನಾದರೂ ನುಂಗಿಕೊಳ್ಳುತ್ತಿದ್ದೆನೇನೋ. ತಿಥಿಯ ದಿನ ಮೈಸೂರಿನ ಬನ್ನಿಮಂಟಪದ ನಮ್ಮ ಮನೆ ತುಂಬ ನೆಂಟರು. ದೊಡ್ಡಮ್ಮ ಎಲ್ಲರೆದುರು ನನ್ನನ್ನು ನಿಲ್ಲಿಸಿಕೊಂಡು, "ಮೂರು ಗಂಟೆ ದಾರಿಯಂತೆ. ಹೆತ್ತವ್ವನ ಮೊಕ ನೋಡಕ್ಕೆ ಬರಕಾಗ್ಲಿಲ್ವೇನವ್ವ?" ಎಂದರು. ನನ್ನ ತಮ್ಮ ಪಕ್ಕದಲ್ಲೇ ಊಟಕ್ಕೆ ಎಲೆ ಹಾಕುತ್ತಿದ್ದ. ನಾನು ಕಾಯಿರಿ ಎಂದು ಬೇಡಿಕೊಂಡದ್ದನ್ನು ಹೇಳದೆ ಮುಂದಿನ ಎಲೆಗೆ ಸರಿದ. ನಿಜ ಏನೆಂದು ಇವನ ಬಾಯಿಂದಲೇ ಹೇಳಿಸುತ್ತೇನೆ ಎಂದು ಅವತ್ತೇ ಹಟ ತೊಟ್ಟೆ.

ಎರಡು ವರ್ಷ ಕಾದೆ. ತಮ್ಮನಿಗೆ ಮಗಳು ಹುಟ್ಟಿದಳು. ನಾಮಕರಣದಲ್ಲಿ ಕೂಸಿನ ಕಿವಿಯಲ್ಲಿ ಹೆಸರು ಕರೆಯಬೇಕಾದವಳು ಸೋದರತ್ತೆ. ಅವನಿಗಿರುವುದು ನಾನೊಬ್ಬಳೇ ಅಕ್ಕ. ಯಾವ ವಿಮಾನಕ್ಕೆ ಬರ್ತೀಯ ಎಂದು ಕೇಳಿದಾಗಲೆಲ್ಲ "ಬರ್ತೀನಿ ಬುಡು" ಎಂದಷ್ಟೇ ಹೇಳಿ, ಹಿಂದಿನ ದಿನವೇ ಗುಟ್ಟಾಗಿ ಮೈಸೂರಿಗೆ ಬಂದು ದೇವರಾಜ ಮೊಹಲ್ಲಾದ ಲಾಡ್ಜೊಂದರಲ್ಲಿ ಇಳಿದುಕೊಂಡೆ. ಬೆಳಿಗ್ಗೆ ಒಂಬತ್ತಕ್ಕೆ, ದೋಸೆ ತಿಂದು ಕೈತೊಳೆದು, ಅವನಿಗೆ ಫೋನ್ ಮಾಡಿದೆ.

"ಸ್ಪೀಕರ್ ಹಾಕೋ, ಎಲ್ಲರೂ ಕೇಳಲಿ. ಈಗ ಗುವಾಹಟಿಯಲ್ಲಿ ವಿಮಾನ ಹತ್ತುತ್ತಾ ಇದ್ದೀನಿ. ಮಂಡಕಳ್ಳಿಗೆ ಮೂರೇ ಗಂಟೆ. ಹನ್ನೆರಡೂವರೆ ಮುಹೂರ್ತಕ್ಕೆ ಅಲ್ಲಿರ್ತೀನಿ."

"ತಲೆ ಕೆಟ್ಟಿದ್ಯಾ ಅಕ್ಕ? ಅಲ್ಲಿಂದ ಮಂಡಕಳ್ಳಿಗೆ ವಿಮಾನ ಎಲ್ಲೈತೆ? ಬೆಂಗಳೂರಲ್ಲಿ ಇಳಿದು ರೋಡಲ್ಲಿ ಬರೋ ಹೊತ್ಗೆ ಸಂಜೆ ಆಗೋಗುತ್ತೆ!" ಎಂದು ಕಿರುಚಿದ.

ಅವನ ಹಿಂದಿನಿಂದ ದೊಡ್ಡಮ್ಮನ ದನಿ ಕೇಳಿಸಿತು. "ಅಂಗಾದ್ರೆ ಅವತ್ತೂ ಸಂಜೆ ತಾನೇ ಆಗೋದು?"

ನನ್ನ ಹೊಟ್ಟೆ ತಣ್ಣಗಾಯಿತು. ಅಷ್ಟಕ್ಕೇ ಬಿಟ್ಟು ಆಟೋ ಹಿಡಿದಿದ್ದರೆ ಇಪ್ಪತ್ತು ನಿಮಿಷದ ದಾರಿ. ಆದರೆ ತಮ್ಮ ದನಿ ಇಳಿಸಿ, "ಆಗ್ಲಿ ಬುಡಕ್ಕ, ಸಂಜೆಗೂ ಒಳ್ಳೆ ಗಳಿಗೆ ಐತಂತೆ. ನೀನು ಬರೋಗಂಟ ಕಾಯ್ತೀವಿ" ಎಂದ. ಅದನ್ನು ಕೇಳಿ ಮೈಯೆಲ್ಲ ಉರಿದುಹೋಯಿತು. ಹಾಗಾದರೆ ಇವನಿಗೆ ಕಾಯಲು ಬರುತ್ತದೆ!

ಕಾಯಲಿ ಎಂದು ಹಾಸಿಗೆಯ ಮೇಲೆ ಕಾಲು ಚಾಚಿದೆ. ನೆಂಟರು ಉಂಡು ಆಕಳಿಸುವುದನ್ನೂ ತಮ್ಮ ಗೇಟಿಗೂ ತೊಟ್ಟಿಲಿಗೂ ಓಡಾಡುವುದನ್ನೂ ನೆನೆನೆನೆದು ಖುಷಿಪಟ್ಟೆ. ಆರು ಗಂಟೆಗೆ ಹೋದೆ. ಒಬ್ಬರೂ ಎದ್ದುಹೋಗಿರಲಿಲ್ಲ. ತಮ್ಮ ನನ್ನ ಚೀಲ ಇಸಿದುಕೊಂಡು, "ನೋಡಕ್ಕ, ನಿಂಗೋಸ್ಕರ ಎಲ್ರೂ ಕಾದವ್ರೆ" ಎಂದ.

"ಅಮ್ಮನೂ ಕಾಯ್ತಿದ್ಲು ಕಣೋ. ನೀನೇ ಬುಡ್ಲಿಲ್ಲ" ಎಂದು ಹೇಳಿ, ಕೂಸಿನ ಕಿವಿಗೆ ಬಗ್ಗಿದೆ.