ಬೊಗಳದ ನಾಯಿಗೆ ಒಂದು ಮನೆ

ನನ್ನ ಯಜಮಾನರು ಮದರಾಸು ಸರ್ಕಾರದ ಮರಾಮತ್ತು ಇಲಾಖೆಯಲ್ಲಿ ಓವರ್‌ಸಿಯರ್ ಆಗಿದ್ದರು. ಹೊಸಪೇಟೆ ಸುತ್ತಲಿನ ಕಾಲುವೆಗಳ ಉಸ್ತುವಾರಿ ಅವರದು. ಒಮ್ಮೆ ಸಂಡೂರಿನ ಗುಡ್ಡಗಳ ಕಡೆ ಹೋದವರು ಹಿಂದಿರುಗುವಾಗ ಎತ್ತಿನ ಗಾಡಿಯಲ್ಲಿ ಒಂದು ಬೇಟೆನಾಯಿಯನ್ನು ಮಲಗಿಸಿಕೊಂಡು ಬಂದರು. ಹಂದಿ ಬೇಟೆಯಲ್ಲಿ ಅದರ ಮುಂಗಾಲು ಮುರಿದಿತ್ತು. ಇನ್ನು ಇದು ಓಡುವುದಿಲ್ಲ ಎಂದು ಬೇಟೆಗಾರ ಅದನ್ನು ದಾರಿಯ ಪಕ್ಕದಲ್ಲೇ ಬಿಟ್ಟು ಹೊರಟಿದ್ದನಂತೆ. ಇವರು ಕೇಳಿದ್ದಕ್ಕೆ, ಬೇಕಾದರೆ ಒಯ್ಯಿರಿ ಎಂದನಂತೆ.

ನಮ್ಮದು ಮಡಿಯ ಮನೆ. ಅತ್ತೆ ನಾಯಿಯನ್ನು ನೋಡಿದರು. ದನದ ಕೊಟ್ಟಿಗೆಯಲ್ಲಿ ಇರಲಿ, ಅದನ್ನು ಮುಟ್ಟಿದವರು ಸ್ನಾನ ಮಾಡದೆ ಒಳಗೆ ಬರಬಾರದು ಎಂದಷ್ಟೇ ಹೇಳಿದರು. ದನದ ವೈದ್ಯ ಬಂದು ಬಿದಿರಿನ ದಬ್ಬೆ ಇಟ್ಟು ಕಾಲು ಕಟ್ಟಿಹೋದ. ಉದ್ದ ಮೂತಿ, ಮುಷ್ಟಿಯಲ್ಲಿ ಹಿಡಿಯುವಂಥ ನಡು, ಚರ್ಮದ ಕೆಳಗೆ ಎದ್ದು ಕಾಣುವ ಪಕ್ಕೆಲುಬು. ಅದಕ್ಕೆ ತುಂಬ ಚಳಿ. ಗೋಣಿಯ ಮೇಲೆ ನನ್ನ ಹಳೆಯ ಸೀರೆ ಹಾಸಿದ ಮೇಲೆಯೇ ಅದು ನೆಮ್ಮದಿಯಾಗಿ ಮಲಗಿದ್ದು. ರಾಗಿ ಅಂಬಲಿ, ಮಜ್ಜಿಗೆ ಅನ್ನ, ಏನಿಟ್ಟರೂ ತಿನ್ನುತ್ತಿತ್ತು. ಯಾರು ಬಂದರೂ ಬೊಗಳುತ್ತಿರಲಿಲ್ಲ. ಕೈಯಲ್ಲಿ ಕೋಲು ಹಿಡಿದವರನ್ನು ಕಂಡರೆ ಮಾತ್ರ ಗೋಡೆಗೆ ಒತ್ತಿಕೊಂಡು ನಿಲ್ಲುತ್ತಿತ್ತು.

ಕಾಲು ಸ್ವಲ್ಪ ಸೊಟ್ಟಗೆ ಕೂಡಿಕೊಂಡಿತು. ಆದರೂ ಅದು ಓಡಬಲ್ಲದು ಎಂಬುದು ನಮಗೆ ಗೊತ್ತಾದದ್ದು ಪಕ್ಕದ ಮನೆಯ ಬೆಕ್ಕು ಹಿತ್ತಲಿನ ಗೋಡೆಯಿಂದ ಇಳಿದ ದಿನ. ನಾನು ಬಾವಿಯ ಹತ್ತಿರ ಕೊಡ ಇಳಿಸುವಷ್ಟರಲ್ಲಿ ಬೆಕ್ಕು ನಾಯಿಯ ಬಾಯಲ್ಲಿತ್ತು. ಯಜಮಾನರು ಓಡಿಬಂದು ಬಿಡಿಸಿದರು. ಬೆಕ್ಕು ಕಿವಿ ಹರಿದುಕೊಂಡು ಉಳಿಯಿತು. ಬೆಕ್ಕು ಸತ್ತಿದ್ದರೆ ಮನೆಗೆ ಎಂಥ ಪಾಪ ಸುತ್ತಿಕೊಳ್ಳುತ್ತಿತ್ತು ಎಂದು ಅತ್ತೆ ಅಂದು ಊಟ ಮಾಡಲಿಲ್ಲ. ಸಂಜೆ ನನ್ನನ್ನು ಕರೆದರು.

“ಅದರ ತಪ್ಪಿಲ್ಲವ್ವಾ. ಓಡೋದನ್ನ ಹಿಡೀಬೇಕಂತನ ಹುಟ್ಟ್ಯದ. ಆದ್ರ ಇದು ಅದರ ಮನಿ ಅಲ್ಲ. ತಕ್ಕ ಮನಿ ನೋಡ್ರಿ.”

ಎಮ್ಮಿಗನೂರಿನ ಕಬ್ಬಿನ ಬೆಳೆಗಾರರೊಬ್ಬರು ಹೊಲದ ಕಾವಲಿಗೆ ನಾಯಿ ಬೇಕೆಂದು ಹೇಳಿದ್ದರು. ಅವರೇ ಗಾಡಿ ಕಳಿಸಿ ಕರೆಸಿಕೊಂಡರು. ಮಳೆಗಾಲ ಮುಗಿಯುವ ಮೊದಲೇ ನಾಯಿ ಅದೇ ಗಾಡಿಯಲ್ಲಿ ತಿರುಗಿ ಬಂತು. ಸರಪಳಿ ಉಜ್ಜಿ ಕುತ್ತಿಗೆ ಹಸಿಯಾಗಿತ್ತು. ಕಳ್ಳರು ಬಂದರೂ ಬಾಯಿ ತೆರೆಯುವುದಿಲ್ಲ, ಬಿಟ್ಟರೆ ಕುರಿಮರಿಯ ಬೆನ್ನು ಹತ್ತುತ್ತದೆ, ಬೊಗಳದ ನಾಯಿಯಿಂದ ತಮಗೇನು ಉಪಯೋಗ ಎಂದು ಗಾಡಿಯವನ ಕೈಯಲ್ಲಿ ಹೇಳಿ ಕಳಿಸಿದ್ದರು. ನಾನು ಕುತ್ತಿಗೆಗೆ ಬೇವಿನೆಣ್ಣೆ ಹಚ್ಚಿದೆ. ಇಂಥ ನಾಯಿಗೆ ಈ ಸೀಮೆಯಲ್ಲಿ ಮನೆ ಸಿಗುವುದು ಕಷ್ಟ ಎಂದು ನನಗೆ ಆಗಲೇ ಅನ್ನಿಸಿಬಿಟ್ಟಿತ್ತು.

ನಮ್ಮ ಮನೆಗೆ ವೀಳ್ಯದೆಲೆ ತರುತ್ತಿದ್ದ ಹೆಂಗಸು ಕಮಲಾಪುರದವಳು. ಗಂಡ ತೀರಿಕೊಂಡ ಮೇಲೆ ಎಲೆತೋಟವನ್ನು ಒಬ್ಬಳೇ ನೋಡಿಕೊಳ್ಳುತ್ತಿದ್ದಳು. ಎಲೆಯ ಕಟ್ಟು ಇಳಿಸುವಾಗ ಅವಳು ಕೊಟ್ಟಿಗೆಯ ಕಡೆ ನೋಡಿ, ಇದು ಹೋಗಿತ್ತಲ್ಲ ಎಂದು ಕೇಳಿದಳು. ನಡೆದದ್ದನ್ನು ಹೇಳಿದೆ. ಅದು ಏನು ಕೆಲಸಕ್ಕೆ ಬರುತ್ತದೆ ಎಂದು ಅವಳು ಕೇಳಲಿಲ್ಲ.

“ರಾತ್ರಿ ಎಲ್ಲಿ ಮಕ್ಕೊಂತೈತ್ರಿ ಅವ್ವಾರ?” ಎಂದಳು.

ಕೊಟ್ಟಿಗೆಯಲ್ಲಿ, ಸೀರೆಯ ಮೇಲೆ ಎಂದೆ. ಏನು ತಿನ್ನುತ್ತದೆ, ಯಾವುದಕ್ಕೆ ಹೆದರುತ್ತದೆ ಎಂದೆಲ್ಲ ವಿಚಾರಿಸಿದಳು. ಕೋಲಿನ ಮಾತು ಬಂದಾಗ ಎದ್ದುಹೋಗಿ ತನ್ನ ಕೈಕೋಲನ್ನು ಬೀದಿಬಾಗಿಲ ಹೊರಗಿಟ್ಟು ಬಂದಳು. ಆಮೇಲೆ ಕೊಟ್ಟಿಗೆಯ ಹೊಸ್ತಿಲಲ್ಲಿ ಕೂತು ಎಲೆ ಹಾಕಿಕೊಂಡಳು. ನಾಯಿಯನ್ನು ಕರೆಯಲಿಲ್ಲ, ಮುಟ್ಟಲಿಲ್ಲ. ತುಸು ಹೊತ್ತಿನ ಮೇಲೆ ಅದೇ ಬಂದು ಅವಳ ಸೆರಗು ಮೂಸಿತು.

ನಾನು ಅಂದೇ ಕಳಿಸಲು ತಯಾರಿದ್ದೆ. ಅವಳು ಒಪ್ಪಲಿಲ್ಲ.

“ಅವಸರ ಬ್ಯಾಡ್ರಿ. ನನ್ನ ತ್ವಾಟಕ್ಕ ಮುಳ್ಳಿನ ಬೇಲಿ ಐತಿ, ಒಂದು ಕಡೆ ಬಿದ್ದೈತಿ. ಅದನ್ನ ಕಟ್ಟಿಸ್ತೀನಿ. ಮ್ಯಾಕಿ ಒಂದೈತಿ, ತಂಗಿ ಮನಿಗೆ ಹೊಡಕೊಂಡು ಹೋಗಿ ಬಿಡ್ತೀನಿ. ಆಮ್ಯಾಲೆ ಒಯ್ತೀನಿ.”

ಎಲೆ ತಂದಾಗಲೆಲ್ಲ ಅವಳು ಕೊಟ್ಟಿಗೆಯ ಬಳಿ ಕೂತೇ ಹೋಗುತ್ತಿದ್ದಳು. ಬೇಲಿ ಕಟ್ಟಿಸಿದ ಮೇಲೆ ಒಂದು ಮುಂಜಾನೆ ಬಟ್ಟೆಯಿಂದ ಹೊಸೆದ ಅಗಲವಾದ ಕೊರಳಪಟ್ಟಿ ಹಿಡಿದು ಬಂದಳು. ನಾಯಿ ಅವಳ ಹಿಂದೆ ಕುಂಟುತ್ತ ಹೋಯಿತು. ನನಗೆ ದುಃಖವಾಗುತ್ತದೆ ಎಂದುಕೊಂಡಿದ್ದೆ. ಅಷ್ಟೇನೂ ಆಗಲಿಲ್ಲ. ಕೊಟ್ಟಿಗೆ ಗುಡಿಸಿದೆ. ಅತ್ತೆ ಮಾತ್ರ ಸ್ವಲ್ಪ ದಿನ ಅವಳು ಎಲೆ ತಂದಾಗ, ನಾಯಿ ಹ್ಯಾಂಗದ ಎಂದು ತಾವೇ ಕೇಳುತ್ತಿದ್ದರು.

ಮರುವರ್ಷದ ಬೇಸಿಗೆಯಲ್ಲಿ ಹಂಪಿಗೆ ಹೋಗಿದ್ದ ನಾವು ಬರುವ ದಾರಿಯಲ್ಲಿ ಕಮಲಾಪುರದಲ್ಲಿ ಗಾಡಿ ನಿಲ್ಲಿಸಿದೆವು. ಅವಳು ತೋಟದಲ್ಲಿರಲಿಲ್ಲ. ಕೆರೆಯ ಕಡೆ ಹೋಗಿದ್ದಾಳೆ ಎಂದು ಪಕ್ಕದ ತೋಟದವರು ಹೇಳಿದರು. ನೀರು ಇಳಿದು ಕೆರೆಯ ಅಂಚಿನ ನೆಲ ಒಣಗಿತ್ತು. ಅವಳು ಏರಿಯ ಮೇಲೆ ಕಂಬಳಿ ಹಾಸಿಕೊಂಡು ಕೂತಿದ್ದಳು. ದನಕರು ಮನೆಗೆ ಹೋದ ಮೇಲೆ ದಿನಾ ನಾಯಿಯನ್ನು ಇಲ್ಲಿ ಬಿಡುತ್ತೇನೆ, ಹಿಡಿಯಲು ಏನೂ ಇರುವುದಿಲ್ಲ ಎಂದಳು.

ನಾಯಿ ಆ ಬಯಲಿನ ತುದಿಯಿಂದ ಬರುತ್ತಿತ್ತು. ಸೊಟ್ಟ ಕಾಲು ಓಟದಲ್ಲಿ ಕಾಣಲೇ ಇಲ್ಲ. ಬೆನ್ನು ಬಾಗಿ, ಹಿಗ್ಗಿ, ಮತ್ತೆ ಬಾಗಿ, ನೆಲ ಮುಟ್ಟಿದಂತೆಯೇ ಕಾಣದೆ ನಮ್ಮ ಮುಂದೆ ಹಾದು ದೊಡ್ಡ ಸುತ್ತು ಹಾಕಿತು. ಹಾಗೆ ಓಡುವುದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಸಾಕೆನಿಸಿದಾಗ ಅದು ತಾನೇ ಏರಿಯನ್ನು ಹತ್ತಿ ಬಂತು. ನನ್ನ ಕೈಯನ್ನು ಒಂದು ಸಲ ಮೂಸಿತು, ಬಾಲ ಆಡಿಸಿತು. ಆಮೇಲೆ ಹೋಗಿ ಅವಳ ಕಂಬಳಿಯ ಅಂಚಿನಲ್ಲಿ ಮೈ ಮುದುರಿ ಮಲಗಿತು.